ದೊಡ್ಡ ಹಾಳೆ, ಸಣ್ಣ ಹಾಳೆ: ಕಾಸು ಕೊಡುವವರು ಯಾರು?

(ಪತ್ರಿಕೋದ್ಯಮದ ವಿದ್ಯಾರ್ಥಿಗಳೂ ಊರಿನ ಓದುಗರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬ್ರಾಡ್‌ಶೀಟ್‌ಗೂ ಟ್ಯಾಬ್ಲಾಯ್ಡ್‌ಗೂ ಏನು ವ್ಯತ್ಯಾಸ ಅಂತ ಪರೀಕ್ಷೆಯಲ್ಲಿ ಕೇಳಿದರೆ ನೀವು ಬರೆಯುವ ಉತ್ತರ ನನಗೆ ಗೊತ್ತು. ಬ್ರಾಡ್‌ಶೀಟ್ ದೊಡ್ಡದು, ಗಂಭೀರ. ಟ್ಯಾಬ್ಲಾಯ್ಡ್ ಚಿಕ್ಕದು, ರೋಚಕ. ಐದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಅಂಕವೂ ಸಿಗುತ್ತದೆ. ಆದರೆ ಈ ಉತ್ತರದಲ್ಲಿ ಎರಡು ಬೇರೆ ಬೇರೆ ವಿಷಯಗಳು ಸೇರಿಕೊಂಡುಬಿಟ್ಟಿವೆ. ಒಂದು ಹಾಳೆಯ ಅಳತೆ, ಇನ್ನೊಂದು ಪತ್ರಿಕೆಯ ನಡತೆ. ಇವೆರಡಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ, ಆದರೆ ನಾವು ಅಂದುಕೊಂಡಷ್ಟು ಇಲ್ಲ. ಪತ್ರಿಕೆಗೆ ಕಾಸು ಎಲ್ಲಿಂದ ಬರುತ್ತದೆ ಅಂತ ನೋಡಿದರೆ, ಅದು ಯಾಕೆ ಹಾಗೆ ಮಾತಾಡುತ್ತದೆ ಅನ್ನುವುದು ಅಳತೆ ಹಿಡಿದು ನೋಡುವುದಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ. ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ.

ಅಳತೆಯ ಲೆಕ್ಕವನ್ನು ಬೇಗ ಮುಗಿಸಿಬಿಡೋಣ. ಬ್ರಿಟನ್ನಿನ ಬ್ರಾಡ್‌ಶೀಟ್ ಪುಟ ಸುಮಾರು 60 ಸೆಂಟಿಮೀಟರ್ ಎತ್ತರ, 37 ಸೆಂಟಿಮೀಟರ್ ಅಗಲ. ನಮ್ಮ ದಿನಪತ್ರಿಕೆಗಳು ಅದಕ್ಕಿಂತ ಸ್ವಲ್ಪ ಕಿರಿದು. ಬ್ರಾಡ್‌ಶೀಟ್ ಪುಟವನ್ನು ನಡುವೆ ಅಡ್ಡಕ್ಕೆ ಮಡಚಿದರೆ ಹೆಚ್ಚುಕಡಿಮೆ ಟ್ಯಾಬ್ಲಾಯ್ಡ್ ಪುಟ ಸಿಗುತ್ತದೆ. ಯಂತ್ರ ಅದೇ, ಕಾಗದದ ರೀಲು ಅದೇ, ಮಡಿಕೆ ಮಾತ್ರ ಒಂದು ಜಾಸ್ತಿ. 16 ಪುಟದ ಬ್ರಾಡ್‌ಶೀಟ್‌ಗೆ ಬೇಕಾಗುವ ಕಾಗದದಲ್ಲೇ 32 ಪುಟದ ಟ್ಯಾಬ್ಲಾಯ್ಡ್ ಬರುತ್ತದೆ. ಇವೆರಡರ ನಡುವೆ ಬರ್ಲಿನರ್ ಅಂತ ಇನ್ನೊಂದಿದೆ, 47 ಸೆಂಟಿಮೀಟರ್ ಎತ್ತರ, 31.5 ಸೆಂಟಿಮೀಟರ್ ಅಗಲ. ಫ್ರಾನ್ಸಿನ ಲ ಮಾಂಡ್ ಈ ಅಳತೆಯದು. ನಮ್ಮಲ್ಲಿ 2007ರಲ್ಲಿ ಮಿಂಟ್ ಶುರುವಾದಾಗ ಇದೇ ಅಳತೆಯಲ್ಲಿ ಬಂತು.

ಇನ್ನು ಮುಖಪುಟ. ಅಂಗಡಿಯಲ್ಲಿ ಬ್ರಾಡ್‌ಶೀಟನ್ನು ಮಡಚಿ ಇಡುತ್ತಾರೆ. ಹಾಗಾಗಿ ಗಿರಾಕಿಗೆ ಕಾಣುವುದು ಮೇಲಿನ ಅರ್ಧ ಮಾತ್ರ. ಟ್ಯಾಬ್ಲಾಯ್ಡ್‌ಗೆ ಆ ಕಷ್ಟ ಇಲ್ಲ, ಇಡೀ ಮುಖಪುಟವೇ ಕಾಣುತ್ತದೆ. ಬ್ರಾಡ್‌ಶೀಟಿನ ಮೊದಲ ಪುಟದಲ್ಲಿ ಆರೇಳು ಸುದ್ದಿ ಇರುತ್ತವೆ. ಯಾವುದು ದೊಡ್ಡದು, ಯಾವುದು ಎರಡನೆಯದು, ಯಾವುದಕ್ಕೆ ಒಂದು ಕಾಲಂ ಸಾಕು ಅಂತ ಡೆಸ್ಕಿನಲ್ಲಿ, ಅಂದರೆ ಸುದ್ದಿ ತಿದ್ದಿ ಪುಟ ಕಟ್ಟುವ ವಿಭಾಗದಲ್ಲಿ, ರಾತ್ರಿ ಜಗಳ ಆಡಿಯೇ ತೀರ್ಮಾನ ಮಾಡುತ್ತಾರೆ. ನಾನೂ ಆಡಿದ್ದೇನೆ. ಆ ಪುಟ ನೋಡಿದ ಓದುಗನಿಗೆ ಹಿಂದಿನ ದಿನ ನಡೆದ ಸಂಗತಿಗಳ ತೂಕ ಒಟ್ಟಿಗೆ ಸಿಗುತ್ತದೆ. ಟ್ಯಾಬ್ಲಾಯ್ಡ್ ಆ ಗೋಜಿಗೆ ಹೋಗುವುದಿಲ್ಲ. ಒಂದು ಚಿತ್ರ, ಒಂದು ತಲೆಬರಹ, ಮುಗೀತು. ಉಳಿದದ್ದೆಲ್ಲ ಒಳಗೆ.

ಬ್ರಾಡ್‌ಶೀಟಿನ ಮುಖಪುಟ ಯಾವಾಗಲೂ ಹೀಗೇ ಇತ್ತು ಅಂದುಕೊಳ್ಳಬೇಡಿ. ಲಂಡನ್ನಿನ ದಿ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ 1966ರ ಮೇ 3ರವರೆಗೆ ಸುದ್ದಿಯೇ ಇರುತ್ತಿರಲಿಲ್ಲ! ಪುಟದ ತುಂಬ ಸಣ್ಣಕ್ಷರದ ವರ್ಗೀಕೃತ ಜಾಹೀರಾತು. ನಮ್ಮ ದಿ ಹಿಂದೂ ಕೂಡ 1958ರವರೆಗೆ ಹಾಗೇ ಇತ್ತು. ಈಗ ಹಬ್ಬದ ದಿನ ಪೇಪರ್ ಬಿಡಿಸಿದರೆ ಮೊದಲ ಪುಟ ಫ್ಲಾಟ್ ಮಾರುತ್ತಿರುತ್ತದೆ, ಎರಡನೆಯದು ಟಿವಿ ಮಾರುತ್ತಿರುತ್ತದೆ, ಸುದ್ದಿ ಸಿಗುವುದು ಮೂರನೆಯ ಹಾಳೆಯಲ್ಲಿ. ಒಂದು ಸುತ್ತು ಹಾಕಿ ಅಲ್ಲಿಗೇ ಬಂದಿದ್ದೇವೆ ಅಲ್ವಾ?

ಹಾಳೆ ಅಷ್ಟು ದೊಡ್ಡದಾಗಿದ್ದು ಯಾಕೆ? ಅದರಲ್ಲಿ ಗಾಂಭೀರ್ಯದ ಪಾತ್ರ ಏನೂ ಇಲ್ಲ, ತೆರಿಗೆಯ ಪಾತ್ರ ಇದೆ. ಬ್ರಿಟನ್ನಿನಲ್ಲಿ 1712ರಲ್ಲಿ ಪತ್ರಿಕೆಗಳ ಮೇಲೆ ಸ್ಟ್ಯಾಂಪ್ ತೆರಿಗೆ ಹಾಕಿದರು. 1815ರ ಹೊತ್ತಿಗೆ ಅದು ಪ್ರತಿಗೆ ನಾಲ್ಕು ಪೆನ್ನಿಗೆ ಏರಿತ್ತು. ಬಡವನ ಕೈಗೆ ಪತ್ರಿಕೆ ಸಿಗಬಾರದು ಅನ್ನುವ ಉದ್ದೇಶವೂ ಅದರಲ್ಲಿತ್ತು. ತೆರಿಗೆಯ ಲೆಕ್ಕ ಹಾಳೆಯ ಮೇಲೆ. ಹಾಗಾದರೆ ಮಾಲೀಕ ಏನು ಮಾಡುತ್ತಾನೆ? ಹಾಳೆಯ ಸಂಖ್ಯೆ ಹೆಚ್ಚಿಸುವುದಿಲ್ಲ, ಹಾಳೆಯನ್ನೇ ಹಿಗ್ಗಿಸುತ್ತಾನೆ. 1855ರಲ್ಲಿ ತೆರಿಗೆ ಹೋಯಿತು. ಆದರೆ ಅಷ್ಟರಲ್ಲಿ ಯಂತ್ರಗಳು ಆ ಅಳತೆಗೆ ಕೂತಿದ್ದವು, ಜಾಹೀರಾತಿನ ದರ ಆ ಅಳತೆಗೆ ನಿಗದಿಯಾಗಿತ್ತು, ಓದುಗರ ಕಣ್ಣೂ ಒಗ್ಗಿತ್ತು. ಅಳತೆ ಉಳಿಯಿತು. ದುಡ್ಡಿರುವವರು ಓದುವ ಪತ್ರಿಕೆಗಳೆಲ್ಲ ಆ ಅಳತೆಯವೇ ಆಗಿದ್ದರಿಂದ ದೊಡ್ಡ ಹಾಳೆಗೆ ದೊಡ್ಡಸ್ತಿಕೆಯೂ ಅಂಟಿಕೊಂಡಿತು.

ಸಣ್ಣ ಹಾಳೆಯ ಕಥೆಯಲ್ಲಿ ಮುಖ್ಯ ಮನುಷ್ಯ ಆಲ್ಫ್ರೆಡ್ ಹಾರ್ಮ್ಸ್‌ವರ್ತ್. 1896ರಲ್ಲಿ ಡೈಲಿ ಮೇಲ್ ಶುರು ಮಾಡಿದ. ಬೆಲೆ ಅರ್ಧ ಪೆನ್ನಿ, ಅಂದರೆ ಆಗಿನ ಅನೇಕ ಪತ್ರಿಕೆಗಳ ಅರ್ಧ ಬೆಲೆ. ಬೆಳಿಗ್ಗೆ ರೈಲು ಹತ್ತಿ ಆಫೀಸಿಗೆ ಹೋಗುವ ಗುಮಾಸ್ತರಿಗೆ ಬೇಕಾದ ಹಾಗೆ ಸುದ್ದಿಗಳನ್ನು ಚಿಕ್ಕದು ಮಾಡಿದ. ಆದರೆ ಹಾಳೆ ಇನ್ನೂ ದೊಡ್ಡದೇ. 1901ರ ಜನವರಿ 1ರಂದು ನ್ಯೂಯಾರ್ಕಿನಲ್ಲಿ ಜೋಸೆಫ್ ಪುಲಿಟ್ಜರ್ ತನ್ನ ವರ್ಲ್ಡ್ ಪತ್ರಿಕೆಯನ್ನು ಒಂದು ದಿನದ ಮಟ್ಟಿಗೆ ಇವನ ಕೈಗೆ ಕೊಟ್ಟ. ಇವನು ಪುಟವನ್ನು ಅರ್ಧಕ್ಕೆ ಇಳಿಸಿ, ಸುದ್ದಿಗಳನ್ನು ತುಂಡು ತುಂಡು ಮಾಡಿ, ಹೊಸ ಶತಮಾನದ ಪತ್ರಿಕೆ ಹೀಗಿರುತ್ತದೆ ಅಂತ ತೋರಿಸಿದ.

1903ರಲ್ಲಿ ಇದೇ ಹಾರ್ಮ್ಸ್‌ವರ್ತ್ ಡೈಲಿ ಮಿರರ್ ತಂದ. ಹೆಂಗಸರಿಗಾಗಿ ಹೆಂಗಸರೇ ನಡೆಸುವ ಪತ್ರಿಕೆ ಅನ್ನುವುದು ಯೋಚನೆ. ಓಡಲಿಲ್ಲ. ಮರುವರ್ಷವೇ ಆ ಹೆಂಗಸರನ್ನು ಕೆಲಸದಿಂದ ತೆಗೆದು, ಪತ್ರಿಕೆಯನ್ನು ಫೋಟೋಗಳ ಪತ್ರಿಕೆಯಾಗಿ ಬದಲಿಸಿದ. ಆಗ ಓಡಿತು. ಟ್ಯಾಬ್ಲಾಯ್ಡ್‌ಗೂ ಫೋಟೋಗೂ ನಂಟು ಬೆಳೆದದ್ದು ಇಲ್ಲಿಂದ.

ಅಮೆರಿಕದಲ್ಲಿ ಈ ಅಳತೆಯನ್ನು ಗೆಲ್ಲಿಸಿದ್ದು 1919ರಲ್ಲಿ ಶುರುವಾದ ನ್ಯೂಯಾರ್ಕ್ ಡೈಲಿ ನ್ಯೂಸ್. ನೆಲದಡಿಯ ರೈಲಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವನಿಗೆ ದೊಡ್ಡ ಹಾಳೆ ಬಿಡಿಸುವುದು ಸಾಧ್ಯವೇ ಇಲ್ಲ. ಬಿಡಿಸಿದರೆ ಪಕ್ಕದವನ ಮೂಗಿಗೆ ತಾಗುತ್ತದೆ. ಇಲ್ಲಿಯವರೆಗೆ ಎಲ್ಲ ಅನುಕೂಲದ ಮಾತು. ಮುಂದಿನದು ಹಾಗಲ್ಲ. 1928ರ ಜನವರಿ 12ರಂದು ಸಿಂಗ್ ಸಿಂಗ್ ಜೈಲಿನಲ್ಲಿ ರೂತ್ ಸ್ನೈಡರ್ ಅನ್ನುವ ಹೆಂಗಸಿಗೆ ಗಂಡನ ಕೊಲೆಗಾಗಿ ವಿದ್ಯುತ್ ಕುರ್ಚಿಯಲ್ಲಿ ಮರಣದಂಡನೆ ಆಯಿತು. ಒಳಗೆ ಕ್ಯಾಮೆರಾ ತರುವ ಹಾಗಿರಲಿಲ್ಲ. ಟಾಮ್ ಹೋವರ್ಡ್ ಅನ್ನುವ ಫೋಟೋಗ್ರಾಫರ್ ಪುಟ್ಟ ಕ್ಯಾಮೆರಾವನ್ನು ಕಣಕಾಲಿಗೆ ಕಟ್ಟಿಕೊಂಡು, ಪ್ಯಾಂಟಿನ ಕಾಲು ಮೇಲೆತ್ತಿ ಆ ಕ್ಷಣದ ಚಿತ್ರ ತೆಗೆದ. ಮರುದಿನ ಡೈಲಿ ನ್ಯೂಸಿನ ಮುಖಪುಟದ ತುಂಬ ಆ ಚಿತ್ರ, ಮೇಲೆ ‘ಡೆಡ್!’ ಅನ್ನುವ ಒಂದೇ ಪದ. ಪತ್ರಿಕೆಗಾಗಿ ಜನ ಮುಗಿಬಿದ್ದರು.

ಇದನ್ನು ಹೇಳಿದರೆ ಎಲ್ಲರೂ ‘ನೋಡಿ, ಟ್ಯಾಬ್ಲಾಯ್ಡ್ ಬುದ್ಧಿ’ ಅನ್ನುತ್ತಾರೆ. ಸರಿ. ಆದರೆ ಇಂಥದೇ ಬುದ್ಧಿಯ ಒಂದು ಬ್ರಾಡ್‌ಶೀಟ್ ತೋರಿಸುತ್ತೇನೆ.

ಲಂಡನ್ನಿನ ನ್ಯೂಸ್ ಆಫ್ ದಿ ವರ್ಲ್ಡ್ 1843ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದಿದ್ದರು. ಒಂದೇ ವಯಸ್ಸಿನ ಪತ್ರಿಕೆಗಳು, ದಾರಿ ಮಾತ್ರ ಬೇರೆ! ಲಂಡನ್ನಿನ ಆ ಭಾನುವಾರದ ಪತ್ರಿಕೆ ಅಪರಾಧ, ವ್ಯಭಿಚಾರ, ಕೋರ್ಟಿನಲ್ಲಿ ಹೊರಬಿದ್ದ ಮಲಗುವ ಕೋಣೆಯ ಕಥೆಗಳನ್ನೇ ಮಾರಿಕೊಂಡು ಬೆಳೆಯಿತು. 1950ರ ಸುಮಾರಿಗೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಗುತ್ತಿತ್ತು. ಅದು ಟ್ಯಾಬ್ಲಾಯ್ಡ್ ಅಳತೆಗೆ ಬದಲಾದದ್ದು ಯಾವಾಗ ಗೊತ್ತಾ? 1984ರಲ್ಲಿ. ಅಲ್ಲಿಯವರೆಗೆ 140 ವರ್ಷ ಆ ಎಲ್ಲ ಕಥೆಗಳೂ ಬಂದದ್ದು ಗೌರವಸ್ಥ ಬ್ರಾಡ್‌ಶೀಟಿನಲ್ಲೇ. ಜರ್ಮನಿಯ ಬಿಲ್ಡ್ 1952ರಲ್ಲಿ ಶುರುವಾದದ್ದು, ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ರೋಚಕ ಪತ್ರಿಕೆ. ಅದರ ಹಾಳೆಯೂ ದೊಡ್ಡದೇ.

ಹಾಗಾದರೆ ಅಳತೆ ಬಿಟ್ಟು ಹುಡುಕಬೇಕಾದ್ದು ಎಲ್ಲಿ? ಇಲ್ಲಿ ಡೈಲಿ ಹೆರಾಲ್ಡ್ ಅನ್ನುವ ಪತ್ರಿಕೆಯ ಕಥೆ ಹೇಳಲೇಬೇಕು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಇಡೀ ವಿಷಯದ ಬೀಗದ ಕೈ ಇದೇ.

ಡೈಲಿ ಹೆರಾಲ್ಡ್ ಬ್ರಿಟನ್ನಿನ ಕಾರ್ಮಿಕರ ಪತ್ರಿಕೆ. ಕಾರ್ಮಿಕ ಸಂಘಗಳ ಬೆಂಬಲ ಇತ್ತು. 1930ರ ದಶಕದಲ್ಲಿ 20 ಲಕ್ಷ ಪ್ರತಿ ಮುಟ್ಟಿತು. 1960ರ ದಶಕದ ಶುರುವಿನಲ್ಲೂ 12 ಲಕ್ಷಕ್ಕಿಂತ ಜಾಸ್ತಿ ಪ್ರತಿ ಹೋಗುತ್ತಿತ್ತು. ಆ ಹೊತ್ತಿಗೆ ದಿ ಟೈಮ್ಸ್ ಮಾರುತ್ತಿದ್ದದ್ದು ಅದರ ಒಂದು ಸಣ್ಣ ಪಾಲು ಮಾತ್ರ. ಆದರೂ ನಷ್ಟದಲ್ಲಿ ಮುಳುಗಿದ್ದು ಹೆರಾಲ್ಡ್. ಯಾಕೆ? ಅದರ ಓದುಗರು ಬಡವರು, ವಯಸ್ಸಾದವರು, ಬಹುಪಾಲು ಗಂಡಸರು. ಕಾರು, ವಿಮೆ, ಒಳ್ಳೆಯ ಬಟ್ಟೆ ಮಾರುವವನಿಗೆ ಇವರು ಬೇಕಾಗಿರಲಿಲ್ಲ. ಟೈಮ್ಸ್ ಓದುವ ಒಬ್ಬ ಸಾಹುಕಾರ ಜಾಹೀರಾತುದಾರನ ಕಣ್ಣಿಗೆ ಹತ್ತು ಗಣಿ ಕಾರ್ಮಿಕರಿಗಿಂತ ಹೆಚ್ಚು. ಹಾಗಾಗಿ ಟೈಮ್ಸ್‌ನಂಥ ಪತ್ರಿಕೆ ಕಡಿಮೆ ಪ್ರತಿ ಮಾರಿ, ಜಾಸ್ತಿ ಜಾಹೀರಾತು ಪಡೆದು ಬದುಕಿತು. ಹೆರಾಲ್ಡ್ ಲಕ್ಷಗಟ್ಟಲೆ ಓದುಗರನ್ನು ಇಟ್ಟುಕೊಂಡೇ ಸತ್ತಿತು. 1964ರಲ್ಲಿ ಅದನ್ನು ನಿಲ್ಲಿಸಿ, ಅದರ ಜಾಗದಲ್ಲಿ ದಿ ಸನ್ ಅನ್ನುವ ಹೊಸ ಪತ್ರಿಕೆ ತಂದರು. ಅದೂ ಬ್ರಾಡ್‌ಶೀಟೇ. ಅದೂ ಸೋತಿತು.

1969ರಲ್ಲಿ ಅದನ್ನು ಅಗ್ಗಕ್ಕೆ ಕೊಂಡವನು ರೂಪರ್ಟ್ ಮರ್ಡಾಕ್. ಅವನು ಅದೇ ವರ್ಷ ನ್ಯೂಸ್ ಆಫ್ ದಿ ವರ್ಲ್ಡ್ ಕೂಡ ಕೊಂಡಿದ್ದ. ಅದು ವಾರಕ್ಕೊಮ್ಮೆ ಬರುವ ಪತ್ರಿಕೆ, ಅಂದರೆ ಅದರ ಯಂತ್ರಗಳು ವಾರದಲ್ಲಿ ಆರು ದಿನ ಸುಮ್ನೆ ನಿಂತಿರುತ್ತಿದ್ದವು. ಅವಕ್ಕೆ ಕೆಲಸ ಬೇಕಿತ್ತು. ಆ ವರ್ಷದ ನವೆಂಬರ್‌ನಲ್ಲಿ ದಿ ಸನ್ ಟ್ಯಾಬ್ಲಾಯ್ಡ್ ಆಯಿತು. ಕ್ರೀಡೆ, ಟಿವಿ, ಗಾಸಿಪ್, ಬಹುಮಾನದ ಆಟ, 1970ರಿಂದ ಮೂರನೆಯ ಪುಟದಲ್ಲಿ ಅರೆಬೆತ್ತಲೆ ಹುಡುಗಿಯರ ಚಿತ್ರ. ಆ ಮೂರನೆಯ ಪುಟ 2015ರವರೆಗೂ ನಡೆಯಿತು. 1978ರ ಹೊತ್ತಿಗೆ ಸನ್ ತನ್ನ ಎದುರಾಳಿ ಮಿರರ್ ಅನ್ನು ಹಿಂದೆ ಹಾಕಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ದಿನಪತ್ರಿಕೆಯಾಗಿತ್ತು.

ಇದರಲ್ಲಿ ಮರ್ಡಾಕ್ ಕಂಡುಕೊಂಡದ್ದು ಏನು? ಈ ಓದುಗನಿಂದ ಜಾಹೀರಾತಿನ ಕಾಸು ಹೆಚ್ಚು ಬರುವುದಿಲ್ಲ ಅಂದರೆ, ಅವನ ಜೇಬಿನ ಚಿಲ್ಲರೆಯೇ ಗತಿ. ಚಿಲ್ಲರೆ ಸಾಲಬೇಕಾದರೆ ಪ್ರತಿಗಳು ಲಕ್ಷಾಂತರ ಹೋಗಬೇಕು. ಅದೂ ದಿನ ಬೆಳಗಾದರೆ ಅಂಗಡಿಯ ಮುಂದೆ ಹೊಸದಾಗಿ ಗೆಲ್ಲಬೇಕು. ನಿನ್ನೆ ಕೊಂಡವನು ಇವತ್ತು ಕೊಳ್ಳುತ್ತಾನೆ ಅನ್ನುವ ಖಾತ್ರಿ ಇಲ್ಲ. ಮನೆಗೆ ತಿಂಗಳ ಲೆಕ್ಕದಲ್ಲಿ ಬರುವ ಪತ್ರಿಕೆ ಮದುವೆಯಾದ ಗಂಡಿನ ಹಾಗೆ, ದಿನಾ ಕ್ರಾಪು ತಿದ್ದಿಕೊಳ್ಳುವ ಒತ್ತಡ ಅದಕ್ಕಿಲ್ಲ. ಅಂಗಡಿಯಲ್ಲಿ ನೇತಾಡುವ ಪತ್ರಿಕೆಗೆ ಆ ನೆಮ್ಮದಿ ಇಲ್ಲ. ಅದರ ಕೂಗು, ಅದರ ದಪ್ಪಕ್ಷರ, ಅದರ ತಮಾಷೆ, ಅದರ ಸುಳ್ಳು ಎಲ್ಲಕ್ಕೂ ಬೇರು ಅಲ್ಲಿದೆ.

ಸುಳ್ಳು ಅಂದೆನಲ್ಲ, ಅದಕ್ಕೊಂದು ಉದಾಹರಣೆ ಕೊಡದೆ ಮುಂದೆ ಹೋಗಬಾರದು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಫುಟ್ಬಾಲ್ ಪಂದ್ಯದ ವೇಳೆ ನೂಕುನುಗ್ಗಲಿಗೆ ಸಿಕ್ಕಿ ಲಿವರ್‌ಪೂಲ್ ತಂಡದ ಅಭಿಮಾನಿಗಳು ಸತ್ತರು. ಗಾಯದಿಂದ ನಂತರ ಸತ್ತವರೂ ಸೇರಿ ಒಟ್ಟು 97 ಮಂದಿ. ನಾಲ್ಕು ದಿನದ ಮೇಲೆ ಸನ್ ಮುಖಪುಟದಲ್ಲಿ ‘ಇದೇ ಸತ್ಯ’ ಅನ್ನುವ ಅರ್ಥದ ತಲೆಬರಹ ಬಂತು. ಅಭಿಮಾನಿಗಳೇ ಸತ್ತವರ ಜೇಬು ಕದ್ದರು, ಪೊಲೀಸರ ಮೇಲೆ ಉಚ್ಚೆ ಹೊಯ್ದರು ಅಂತ ಬರೆದಿದ್ದರು. ಈ ಆರೋಪ ಬೇರೆ ಕೆಲವು ಪತ್ರಿಕೆಗಳಲ್ಲೂ ಬಂದಿತ್ತು, ಆದರೆ ಆರೋಪವನ್ನೇ ಸತ್ಯ ಅಂತ ದಪ್ಪಕ್ಷರದಲ್ಲಿ ಸಾರಿದ್ದು ಸನ್. ಲಿವರ್‌ಪೂಲಿನ ಜನ ಪತ್ರಿಕೆಯನ್ನು ಬಹಿಷ್ಕರಿಸಿದರು. 2012ರಲ್ಲಿ ಸ್ವತಂತ್ರ ಸಮಿತಿಯ ವರದಿ ಆ ಆರೋಪಗಳಿಗೆ ಆಧಾರ ಇಲ್ಲ ಅಂತ ಹೇಳಿದ ಮೇಲೆ ಪತ್ರಿಕೆ ಮುಖಪುಟದಲ್ಲಿ ಕ್ಷಮೆ ಕೇಳಿತು. ಆ ಊರಿನ ಎಷ್ಟೋ ಅಂಗಡಿಗಳಲ್ಲಿ ಅದನ್ನು ಮಾರುವುದನ್ನೇ ಬಿಟ್ಟುಬಿಟ್ಟರು.

ಬ್ರಾಡ್‌ಶೀಟ್ ಸುಳ್ಳು ಹೇಳುವುದಿಲ್ಲವಾ? ಹೇಳುತ್ತದೆ, ಆದರೆ ದನಿ ಏರಿಸದೆ. ಇರಾಕ್ ಯುದ್ಧಕ್ಕೆ ಮುಂಚೆ ಅಲ್ಲಿ ಭಯಾನಕ ಅಸ್ತ್ರಗಳಿವೆ ಅನ್ನುವ ಸರ್ಕಾರದ ಮಾತಿಗೆ ಬಲ ಕೊಡುವ ಸುದ್ದಿಗಳನ್ನು ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಹಾಕಿತು. 2004ರ ಮೇ 26ರಂದು ಆ ವರದಿಗಳಲ್ಲಿ ಕೆಲವನ್ನು ಇನ್ನಷ್ಟು ಬಿಗಿಯಾಗಿ ಪರೀಕ್ಷಿಸಬೇಕಿತ್ತು ಅಂತ ಸಂಪಾದಕರು ಒಪ್ಪಿಕೊಂಡರು. ಆ ಟಿಪ್ಪಣಿ ಬಂದದ್ದು ಒಳಪುಟದಲ್ಲಿ. ಸನ್ ಸುಳ್ಳು ಒಂದು ಊರನ್ನು ನೋಯಿಸಿತು. ಈ ಗಂಭೀರ ದನಿಯ ತಪ್ಪು ಒಂದು ಯುದ್ಧಕ್ಕೆ ಜೊತೆ ಕೊಟ್ಟಿತು. ಯಾವುದು ದೊಡ್ಡದು ಅಂತ ನೀವೇ ಯೋಚಿಸಿ. ಕಿರುಚುವ ಸುಳ್ಳನ್ನು ಅನುಮಾನಿಸುವುದು ಸುಲಭ. ಎಂಟು ಕಾಲಮ್ಮಿನಲ್ಲಿ ಮೆಲ್ಲಗೆ ಹೇಳಿದ್ದನ್ನು ಅನುಮಾನಿಸಲು ಓದುಗನಿಗೆ ಧೈರ್ಯ ಬರುವುದಿಲ್ಲ.

ಈಗ ಕನ್ನಡಕ್ಕೆ ಬರೋಣ.

ಬ್ರಿಟನ್ನಿನಲ್ಲಿ ಟ್ಯಾಬ್ಲಾಯ್ಡ್ ಅಂದರೆ ದಿನಪತ್ರಿಕೆ. ನಮ್ಮಲ್ಲಿ ಟ್ಯಾಬ್ಲಾಯ್ಡ್ ಅಂದಕೂಡಲೇ ಕಣ್ಣಿಗೆ ಬರುವುದು ವಾರಪತ್ರಿಕೆ. ಹೀಗೆ ಯಾಕಾಯಿತು ಅಂತ ಯೋಚಿಸಿದ್ದೀರಾ? ನಮ್ಮ ದಿನಪತ್ರಿಕೆ ಬಹುಪಾಲು ಮನೆಗೇ ಬರುತ್ತದೆ. ಪೇಪರ್ ಹುಡುಗ ಕಾಂಪೌಂಡಿನಿಂದ ಎಸೆದು ಹೋಗುತ್ತಾನೆ, ತಿಂಗಳ ಕೊನೆಗೆ ಬಿಲ್ಲು. ಅದು ದಿನಾ ಗೆಲ್ಲಬೇಕಾಗಿಲ್ಲ. ಇನ್ನೊಂದು ಅನುಕೂಲ ದೊಡ್ಡ ಹಾಳೆಗಿದೆ. ಮನೆಯಲ್ಲಿ ಒಂದೇ ಪೇಪರ್, ಓದುವವರು ನಾಲ್ಕು ಜನ. ಅಜ್ಜನಿಗೆ ಮುಖಪುಟ, ಮಗನಿಗೆ ಕ್ರೀಡೆ, ಅಮ್ಮನಿಗೆ ಪುರವಣಿ. ಹಾಳೆ ಹಾಳೆಯಾಗಿ ಹಂಚಿಕೊಳ್ಳಬಹುದು. ಹೇರ್‌ಕಟಿಂಗ್ ಶಾಪಿನಲ್ಲಿ, ಹೋಟೆಲ್ಲಿನಲ್ಲೂ ಇದೇ ಪದ್ಧತಿ. ಒಬ್ಬರ ಕೈಯಲ್ಲಿ ಇಡೀ ಪೇಪರ್ ಇದ್ದರೆ ಉಳಿದವರಿಗೆ ಸಿಟ್ಟು ಬರುತ್ತದೆ. ಇವೆಲ್ಲಕ್ಕಿಂತ ದೊಡ್ಡದು ಜಾಹೀರಾತು. ನಮ್ಮ ದಿನಪತ್ರಿಕೆಯ ಮುಖಬೆಲೆ ಅದನ್ನು ಮುದ್ರಿಸುವ ಖರ್ಚಿಗೂ ಸಾಲುವುದಿಲ್ಲ. 1999ರಲ್ಲಿ ವಿಜಯ ಕರ್ನಾಟಕ ಬಂದು ಬೆಲೆಯ ಪೈಪೋಟಿ ಹುಟ್ಟಿಸಿದ ಮೇಲಂತೂ ಓದುಗ ಕೊಡುವ ಕಾಸು ಲೆಕ್ಕಕ್ಕೇ ಇಲ್ಲದಂತಾಯಿತು. ಪುಟದ ತುಂಬ ಜಾಹೀರಾತು ಕೊಡುವವನಿಗೆ ದೊಡ್ಡ ಪುಟವೇ ಬೇಕು. ಪುಟ ಅರ್ಧವಾದರೆ ‘ದರವೂ ಅರ್ಧ ಮಾಡಿ’ ಅನ್ನುತ್ತಾನೆ. ಹಾಗಿರುವಾಗ ಯಾವ ಮಾಲೀಕ ಹಾಳೆ ಕತ್ತರಿಸುತ್ತಾನೆ?

ಅಂದರೆ ಬ್ರಾಡ್‌ಶೀಟ್ ಮನೆಯಲ್ಲಿ ಕೂತಿತು, ಅಂಗಡಿಯ ದಾರದಲ್ಲಿ ಕ್ಲಿಪ್ಪು ಹಾಕಿ ನೇತುಹಾಕುವ ಜಾಗ ವಾರಪತ್ರಿಕೆಗಳಿಗೆ ಸಿಕ್ಕಿತು. ಆ ಜಾಗಕ್ಕೆ 1980ರಲ್ಲಿ ಬಂದವರು ಪಿ. ಲಂಕೇಶ್.

ಲಂಕೇಶ್ ಪತ್ರಿಕೆ ಕಪ್ಪುಬಿಳುಪಿನ ಟ್ಯಾಬ್ಲಾಯ್ಡ್. ಮಾರಾಟದ ಚಿಲ್ಲರೆಯನ್ನೇ ನಂಬಿತ್ತು, ಸನ್ ಹಾಗೆಯೇ. ಆದರೆ ಲಂಕೇಶ್ ಜಾಹೀರಾತನ್ನೇ ತೆಗೆದುಕೊಳ್ಳಲಿಲ್ಲ. ಕಾಸಿನ ದಾರಿ ಹೆಚ್ಚುಕಡಿಮೆ ಒಂದೇ, ಹೊರಬಂದ ಪತ್ರಿಕೆ ಮಾತ್ರ ಪೂರ್ತಿ ಬೇರೆ. ಇಲ್ಲಿ ನನ್ನ ವಾದ ಸ್ವಲ್ಪ ಕುಂಟುತ್ತದೆ, ಒಪ್ಪುತ್ತೇನೆ. ಓದುಗನ ಕಾಸನ್ನೇ ನಂಬಿದ ಪತ್ರಿಕೆ ಕೂಗಲೇಬೇಕು ನಿಜ. ಏನನ್ನು ಕೂಗಬೇಕು ಅನ್ನುವುದನ್ನು ಸಂಪಾದಕ ಆರಿಸಿಕೊಳ್ಳಬಹುದು. ಲಂಕೇಶರೂ ಕೂಗಿದರು. ಮಂತ್ರಿಗಳನ್ನು ಗೇಲಿ ಮಾಡಿದರು, ಎದುರಾಳಿಗಳನ್ನು ಹೀಗಳೆದರು, ಕೆಲವೊಮ್ಮೆ ಅನ್ಯಾಯವನ್ನೂ ಮಾಡಿದರು. ಆಗಿನ ಮುಖ್ಯಮಂತ್ರಿ ಗುಂಡೂರಾವ್ ಅವರ ಕಾಂಗ್ರೆಸ್ ಸರ್ಕಾರದ ವಿರುದ್ಧ ವಾರ ವಾರ ಬರೆದರು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಆ ಸೋಲಿನಲ್ಲಿ ಪತ್ರಿಕೆಯ ಪಾಲೂ ಇತ್ತು ಅಂತ ಇವತ್ತಿಗೂ ಜನ ಮಾತಾಡುತ್ತಾರೆ.

ಆದರೆ ಅದೇ ಪುಟಗಳಲ್ಲಿ ಲಂಕೇಶರ ಅಂಕಣ ‘ಟೀಕೆ ಟಿಪ್ಪಣಿ’ ಇತ್ತು, ಅವರ ಪುಟ್ಟ ಪದ್ಯಗಳು ‘ನೀಲು’ ಇತ್ತು. ದೊಡ್ಡ ದಿನಪತ್ರಿಕೆಗಳು ಹುಡುಕಿ ಹೋಗದ ಲೇಖಕಿಯರು ಬರೆದದ್ದು ಇಲ್ಲಿ. ಸಾರಾ ಅಬೂಬಕ್ಕರ್ ಅವರ ಮೊದಲ ಕಾದಂಬರಿ ಧಾರಾವಾಹಿಯಾಗಿ ಬಂದದ್ದು ಲಂಕೇಶ್ ಪತ್ರಿಕೆಯಲ್ಲಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ 1980ರ ದಶಕದಲ್ಲಿ ಇದೇ ಪತ್ರಿಕೆಯ ವರದಿಗಾರರಾಗಿದ್ದರು. ಬ್ರಿಟನ್ನಿನ ಯಾವ ಟ್ಯಾಬ್ಲಾಯ್ಡಿನ ಬಗ್ಗೆ ಹೀಗೆ ಹೇಳಬಹುದು? ‘ಟ್ಯಾಬ್ಲಾಯ್ಡ್ ಅಂದರೆ ಕೀಳು’ ಅನ್ನುವ ಆಮದು ಮಾತನ್ನು ನಾವು ಕನ್ನಡದಲ್ಲಿ ಹಾಗೇ ಬಳಸಬಾರದು ಅಂತ ನಾನು ಜಗಳಕ್ಕೆ ನಿಲ್ಲುವುದು ಇದಕ್ಕೇ.

ಹಾಗಂತ ಕನ್ನಡದ ಟ್ಯಾಬ್ಲಾಯ್ಡ್ ಎಲ್ಲ ಚಿನ್ನ ಅಂತಲ್ಲ. 1995ರಲ್ಲಿ ರವಿ ಬೆಳಗೆರೆ ಹಾಯ್ ಬೆಂಗಳೂರ್! ತಂದರು. ಭೂಗತ ಲೋಕ, ಕೊಲೆ, ಪೊಲೀಸ್ ಠಾಣೆಯ ಒಳಗಿನ ಕಥೆ. ಕಥೆ ಹೇಳುವ ಕಲೆ ಅವರಿಗೆ ಹುಟ್ಟಿನಿಂದ ಬಂದಿತ್ತು. ಅವರ ಅಂಕಣ ‘ಖಾಸ್‌ಬಾತ್’ ಓದಲು ಗುರುವಾರ, ಶುಕ್ರವಾರ ಅಂತ ಕಾಯುತ್ತಿದ್ದವರನ್ನು ನಾನು ಬಲ್ಲೆ. ಅದನ್ನು ನೋಡಿ ಊರೂರಿನಲ್ಲಿ ಅಳತೆಯನ್ನು ಮಾತ್ರ ನಕಲು ಮಾಡಿದ ಪತ್ರಿಕೆಗಳು ಹುಟ್ಟಿಕೊಂಡವು. ಇವುಗಳಲ್ಲಿ ಕೆಲವಕ್ಕೆ ಓದುಗನ ಚಿಲ್ಲರೆಯೂ ಬೇಡ, ಜಾಹೀರಾತೂ ಬೇಡ. ಮುಂದಿನ ವಾರ ನಿಮ್ಮ ಬಗ್ಗೆ ಬರುತ್ತದೆ ಅಂತ ಗುತ್ತಿಗೆದಾರನಿಗೋ ಅಧಿಕಾರಿಗೋ ಫೋನು ಮಾಡುವುದು, ಕಾಸು ಬಂದರೆ ಸುದ್ದಿ ಕೈಬಿಡುವುದು. ರೋಲ್‌ಕಾಲ್ ಪತ್ರಕರ್ತರು ಅಂತ ನಾವು ಕರೆಯುವುದು ಇವರನ್ನೇ. ಗಮನಿಸಿ, ಇಲ್ಲಿ ಕಾಸು ಬರುವುದು ಮುದ್ರಿಸಿದ ಸುದ್ದಿಯಿಂದ ಅಲ್ಲ, ಮುದ್ರಿಸದ ಸುದ್ದಿಯಿಂದ. ಪತ್ರಿಕೆಯ ನಡತೆ ತಿಳಿಯಲು ಅದರ ಕಾಸಿನ ದಾರಿ ನೋಡಬೇಕು ಅಂದೆನಲ್ಲ, ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಸಣ್ಣ ಹಾಳೆಯವರಿಗೆ ಇನ್ನೊಂದು ಕಷ್ಟ ಇದೆ. ದೊಡ್ಡ ಪತ್ರಿಕೆಯ ಹಿಂದೆ ದೊಡ್ಡ ಸಂಸ್ಥೆ, ವಕೀಲರ ಪಡೆ ಇರುತ್ತದೆ. ಇವರು ಕೋರ್ಟಿಗೆ ಒಬ್ಬರೇ ಹೋಗಬೇಕು. ಗೌರಿ ಲಂಕೇಶ್ 2005ರಲ್ಲಿ ತಮ್ಮದೇ ವಾರಪತ್ರಿಕೆ ಶುರು ಮಾಡಿದರು, ಅಪ್ಪನ ಹಾಗೆ ಜಾಹೀರಾತಿಲ್ಲದೆ. 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಮಾನನಷ್ಟ ಮೊಕದ್ದಮೆಯಲ್ಲಿ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿತು. ಜಾಮೀನು ಸಿಕ್ಕಿತು. 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆ ಹಕ್ಕುಚ್ಯುತಿಯ, ಅಂದರೆ ಶಾಸಕರ ವಿಶೇಷ ಹಕ್ಕಿಗೆ ಧಕ್ಕೆ ತಂದರು ಅನ್ನುವ, ಹೆಸರಿನಲ್ಲಿ ಇಬ್ಬರು ಟ್ಯಾಬ್ಲಾಯ್ಡ್ ಸಂಪಾದಕರಿಗೆ ಒಂದು ವರ್ಷದ ಜೈಲು ವಿಧಿಸಿತು. ಅವರಲ್ಲಿ ಒಬ್ಬರು ರವಿ ಬೆಳಗೆರೆ. ಅದೇ ವರ್ಷ ಸೆಪ್ಟೆಂಬರ್ 5ರ ರಾತ್ರಿ ಗೌರಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು.

ಒಂದು ತಾಂತ್ರಿಕ ಮಾತು ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. ಇಂಗ್ಲಿಷಿನ ಟ್ಯಾಬ್ಲಾಯ್ಡ್ ತಲೆಬರಹ ನಿಂತಿರುವುದು ಒಂದು ಉಸಿರಿನ ಪದಗಳ ಮೇಲೆ, ಎಲ್ಲ ಒಂದೇ ಎತ್ತರದ ದೊಡ್ಡಕ್ಷರ. ಸಾಲಿನ ಮೇಲೆ ಸಾಲು ಒತ್ತಾಗಿ ಕೂರಿಸಬಹುದು. ಕನ್ನಡದಲ್ಲಿ ಅದು ಆಗುವುದಿಲ್ಲ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ‘ಭ್ರಷ್ಟಾಚಾರ’ ಅಂತ ಬರೆದರೆ ಸಣ್ಣ ಪುಟದ ಅಗಲ ಅಲ್ಲಿಗೇ ಮುಗಿಯಿತು. ಹಾಗಾಗಿ ನಮ್ಮ ಡೆಸ್ಕಿನವರು ಗಿಡ್ಡ ಪದ ಹುಡುಕಿದರು. ಗರಂ, ಕಿಡಿ, ಶಾಕ್, ಬಲಿ, ಫೈಟ್. ವಾರಪತ್ರಿಕೆಯಲ್ಲಿ ಪಳಗಿದ ಈ ಪದಗಳು ದಿನಪತ್ರಿಕೆಯ ಎಂಟು ಕಾಲಮ್ಮಿಗೂ ಬಂದವು, ಅಲ್ಲಿಂದ ಟಿವಿಯ ಕೆಂಪು ಪಟ್ಟಿಗೆ ಹತ್ತಿದವು. ಜಾಗ ಇದ್ದರೂ ಈಗ ‘ಸಚಿವರ ಅಸಮಾಧಾನ’ ಅಂತ ಯಾರೂ ಬರೆಯುವುದಿಲ್ಲ. ‘ಸಚಿವ ಗರಂ’. ಹಾಳೆ ದೊಡ್ಡದು, ಗಂಟಲು ಟ್ಯಾಬ್ಲಾಯ್ಡಿನದು.

ಮೊಬೈಲಿನಲ್ಲಂತೂ ಹಾಳೆಯೇ ಇಲ್ಲ. ಒಂದೊಂದು ಸುದ್ದಿಯೂ ತಾನೇ ಅಂಗಡಿಯ ದಾರಕ್ಕೆ ನೇತುಬಿದ್ದಿದೆ, ಒಂದೊಂದೂ ಬೇರೆ ಬೇರೆಯಾಗಿ ಗಿರಾಕಿಯನ್ನು ಕರೆಯಬೇಕು. ಅತಿ ಗಂಭೀರ ಪತ್ರಿಕೆಯ ಜಾಲತಾಣದಲ್ಲೂ ‘ಮುಂದೇನಾಯ್ತು ನೋಡಿ’ ಅನ್ನುವ ತಲೆಬರಹ ಯಾಕೆ ಬರುತ್ತದೆ ಅಂತ ಈಗ ನಿಮಗೆ ಹೊಳೆದಿರಬೇಕು.

ಪ್ರಶ್ನೆ: ಬ್ರಿಟನ್ನಿನ ಗಂಭೀರ ಪತ್ರಿಕೆಗಳೂ ಈಗ ಚಿಕ್ಕದಾಗಿವೆ ಅಂತ ಓದಿದ್ದೇನೆ. ಅವು ಕೆಟ್ಟವಾ ಸರ್?

ಇಲ್ಲಮ್ಮ. ಟೈಮ್ಸ್ 2004ರ ನವೆಂಬರ್‌ನಿಂದ ಪೂರ್ತಿ ಸಣ್ಣ ಅಳತೆ. ಗಾರ್ಡಿಯನ್ ಸುಮಾರು 8 ಕೋಟಿ ಪೌಂಡ್ ಸುರಿದು 2005ರಲ್ಲಿ ಬರ್ಲಿನರ್‌ಗೆ ಬಂತು, ಅದಕ್ಕೆಂದೇ ಹೊಸ ಯಂತ್ರ ಹಾಕಿತು. ನ್ಯೂಸ್ ಆಫ್ ದಿ ವರ್ಲ್ಡ್ ಕೊಲೆಯಾದ ಹುಡುಗಿಯೊಬ್ಬಳ ಫೋನಿನ ಸಂದೇಶಗಳನ್ನು ಕದ್ದು ಕೇಳಿದ್ದನ್ನು 2011ರ ಜುಲೈನಲ್ಲಿ ಹೊರಗೆ ಹಾಕಿದ್ದು ಇದೇ ಗಾರ್ಡಿಯನ್. ಒಂದೇ ವಾರದಲ್ಲಿ ಆ 168 ವರ್ಷದ ಪತ್ರಿಕೆ ಬಾಗಿಲು ಹಾಕಿತು. ಅಂಥ ಗಾರ್ಡಿಯನ್ನೇ 2018ರ ಜನವರಿಯಲ್ಲಿ ಖರ್ಚು ಉಳಿಸಲು ಟ್ಯಾಬ್ಲಾಯ್ಡ್ ಆಯಿತು, ಈಗ ಅಚ್ಚಾಗುವುದು ಬೇರೆಯವರ ಯಂತ್ರದಲ್ಲಿ. ಬರಹಗಾರರು ಅವರೇ, ಸಂಪಾದಕೀಯ ಅದೇ. ದೊಡ್ಡ ಹಾಳೆ ಉಳಿಸಿಕೊಂಡ ದಿನಪತ್ರಿಕೆಗಳಲ್ಲಿ ಡೈಲಿ ಟೆಲಿಗ್ರಾಫ್, ಫೈನಾನ್ಶಿಯಲ್ ಟೈಮ್ಸ್ ಮುಖ್ಯವಾದವು.

ಪ್ರಶ್ನೆ: ಹಾಗಾದರೆ ಅಳತೆಯಿಂದ ಏನೂ ಬದಲಾಗುವುದಿಲ್ಲ ಅಂತೀರಾ?

ಬದಲಾಗುತ್ತದೆ, ಸ್ವಲ್ಪ. ಇಂಡಿಪೆಂಡೆಂಟ್ ಪತ್ರಿಕೆಯನ್ನೇ ನೋಡಿ. 2003ರಲ್ಲಿ ಅದು ಎರಡು ಅಳತೆಯಲ್ಲೂ ಒಟ್ಟಿಗೆ ಬಂತು, ಗಿರಾಕಿಗೆ ಬೇಕಾದ್ದು ಆರಿಸಿಕೊಳ್ಳಬಹುದಿತ್ತು. ಸಣ್ಣದು ಚೆನ್ನಾಗಿ ಹೋಯಿತು, ಮರುವರ್ಷ ದೊಡ್ಡದನ್ನು ನಿಲ್ಲಿಸಿದರು. ಸಣ್ಣ ಮುಖಪುಟದಲ್ಲಿ ಆರೇಳು ಸುದ್ದಿ ಹಿಡಿಸುವುದಿಲ್ಲ, ಹಾಗಾಗಿ ಒಂದೇ ವಿಷಯಕ್ಕೆ ಇಡೀ ಪುಟ ಕೊಡಲು ಶುರು ಮಾಡಿದರು. ಒಂದು ದಿನ ಇರಾಕ್, ಇನ್ನೊಂದು ದಿನ ಹವಾಮಾನ. ಒಂದೇ ವಿಷಯಕ್ಕೆ ಇಡೀ ಪುಟ ಕೊಟ್ಟ ಮೇಲೆ ಬರೀ ಮಾಹಿತಿ ಸಪ್ಪೆ ಅನ್ನಿಸುತ್ತದೆ, ಅಭಿಪ್ರಾಯ ತಾನಾಗಿ ಒಳಗೆ ಬರುತ್ತದೆ. ಸುದ್ದಿಪತ್ರಿಕೆ ಹೋಗಿ ಅಭಿಪ್ರಾಯದ ಪತ್ರಿಕೆ ಆಯಿತು ಅಂತ ಟೀಕೆ ಬಂತು. ಅದರ ಸಂಪಾದಕರು ಅದನ್ನು ಬೈಗುಳ ಅಂತ ತಿಳಿಯಲಿಲ್ಲ, ಹೌದು, ನಮ್ಮದು ಹಾಗೇ ಅಂದರು. ಕೆಲವು ವರ್ಷ ಅದರಿಂದ ಹೆಸರೂ ಬಂತು. ಕಾಸು ಬರಲಿಲ್ಲ. 2016ರ ಮಾರ್ಚ್‌ನಲ್ಲಿ ಮುದ್ರಣ ನಿಲ್ಲಿಸಿ ಜಾಲತಾಣವನ್ನು ಮಾತ್ರ ಉಳಿಸಿಕೊಂಡರು.